ಹಿಟ್ಟಿನ ಕೋಳಿ ಮತ್ತು ಮಕ್ಕಳ ಕಣ್ಣು

ನೀರನ್ನು ಶೋಧಿಸಿ ಕುಡಿಯುವ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ, ಗೆಡ್ಡೆಗೆಣಸುಗಳನ್ನು ಅಡುಗೆಮನೆಗೆ ಸೇರಿಸದ ಮನೆ ನಮ್ಮದು. ಬಸವೇಶ್ವರನಗರದ ಈ ಮನೆಯಲ್ಲಿ ಕಳೆದ ದಶಲಕ್ಷಣ ಪರ್ವದ ಒಂದು ಸಂಜೆ, ಹೊತ್ತು ಮುಳುಗುವ ಮೊದಲೇ ಏಳು ವರ್ಷದ ಮೊಮ್ಮಗನಿಗೆ ಉಣಿಸಿ ಮುಗಿಸಬೇಕೆಂಬ ಆತುರದಲ್ಲಿ ನಾನೇ ನನ್ನ ಮೊಬೈಲನ್ನು ಅವನ ಕೈಗಿತ್ತೆನು. ತುತ್ತುಗಳು ಸಲೀಸಾಗಿ ಇಳಿದವು. ನಿಯಮ ಕೆಡಲಿಲ್ಲವೆಂಬ ಸಮಾಧಾನದಿಂದ ಅವನು ನೋಡುತ್ತಿದ್ದುದರತ್ತ ಬಗ್ಗಿದರೆ, ಅವನ ಹೆಬ್ಬೆರಳು ಒತ್ತಿದಂತೆಲ್ಲ ಒಬ್ಬೊಬ್ಬರಾಗಿ ಮನುಷ್ಯರು ಉರುಳುತ್ತಿದ್ದರು. "ಎಷ್ಟಾಯಿತಪ್ಪ?" ಎಂದೆ. "ಹದಿನಾಲ್ಕು, ತಾತ!" ಎಂದು ಹಿಗ್ಗಿ ಹೇಳಿದ.

ಆ ಹದಿನಾಲ್ವರಲ್ಲಿ ಜೀವವಿರಲಿಲ್ಲ, ನಿಜ. ಹಾಗಾದರೆ ಅಲ್ಲಿ ನಡೆದುದು ಹಿಂಸೆಯೇ ಅಲ್ಲವೇ?

ಈ ಪ್ರಶ್ನೆಯನ್ನು ಲೌಕಿಕ ವಿದ್ವಾಂಸರೂ ಅರುವತ್ತು ವರ್ಷಗಳಿಂದ ತಮ್ಮದೇ ರೀತಿಯಲ್ಲಿ ಕೇಳುತ್ತ ಬಂದಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಮತ್ತು ಅವರ ಸಂಗಡಿಗರು 72 ಮಂದಿ ಶಿಶುವಿಹಾರದ ಮಕ್ಕಳೊಡನೆ ನಡೆಸಿದ ಪ್ರಯೋಗವು 1961ರಲ್ಲಿ ಪ್ರಕಟವಾಯಿತು. ಗಾಳಿ ತುಂಬಿದ ದೊಡ್ಡ ಬೊಂಬೆಯೊಂದನ್ನು ಹಿರಿಯರೊಬ್ಬರು ಗುದ್ದಿ, ಸುತ್ತಿಗೆಯಿಂದ ಬಡಿಯುವುದನ್ನು ಕೆಲವು ಮಕ್ಕಳಿಗೆ ತೋರಿಸಲಾಯಿತು; ಕಂಡ ಮಕ್ಕಳಲ್ಲಿ ಹಲವರು ಬಳಿಕ ಹಾಗೆಯೇ ಬಡಿದರು. 1963ರಲ್ಲಿ ಅದನ್ನೇ ಚಲನಚಿತ್ರವಾಗಿ ತೋರಿಸಿದಾಗಲೂ ಪರಿಣಾಮ ಅಂಥದೇ ಆಯಿತು. ನನಗೆ ಮುಖ್ಯವಾಗಿ ತೋರುವುದು 1965ರ ಪ್ರಯೋಗ. ಚಿತ್ರದಲ್ಲಿ ಹೊಡೆದವನಿಗೆ ಶಿಕ್ಷೆಯಾದುದನ್ನು ನೋಡಿದ ಮಕ್ಕಳು ಕಡಮೆ ಅನುಕರಿಸಿದರು. ಆದರೆ ಕಂಡದ್ದನ್ನು ಮಾಡಿ ತೋರಿಸಿದರೆ ಬಹುಮಾನವುಂಟೆಂದು ಹೇಳಿದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಕೈ ಸುಮ್ಮನಿದ್ದಾಗಲೂ ಪಾಠ ಒಳಗೆ ಇಳಿದಿತ್ತು. ದ್ರವ್ಯಹಿಂಸೆ, ಭಾವಹಿಂಸೆಯೆಂದು ನಮ್ಮ ಆಚಾರ್ಯರು ಬಿಡಿಸಿ ಹೇಳಿದುದಕ್ಕೆ ಇಷ್ಟು ಹತ್ತಿರದ ದೃಷ್ಟಾಂತ ನನಗೆ ಬೇರೆ ದೊರೆತಿಲ್ಲ.

ಈ ಪ್ರಯೋಗಗಳಿಗೆ ಆಕ್ಷೇಪಗಳು ಬಂದವು. ಅದು ಹೊಡೆಯುವುದಕ್ಕೆಂದೇ ಮಾಡಿದ ಬೊಂಬೆ, ಬೊಂಬೆಯನ್ನು ಹೊಡೆಯುವುದು ಆಟ, ಜೀವವನ್ನು ಹೊಡೆಯುವುದೇ ಹಿಂಸೆ ಎಂದರು. ಕನ್ನಡಿಗ ಶ್ರಾವಕನಿಗೆ ಈ ವಾದ ಹೊಸತೇನಲ್ಲ. ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿಯು ಮಗನ ಮುಂದಿಡುವುದೂ ಹೆಚ್ಚುಕಡಮೆ ಇದನ್ನೇ. ಜೀವಬಲಿಗೆ ಒಪ್ಪದ ರಾಜನು ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಆ ಒಂದು ಸಂಕಲ್ಪದ ಫಲವಾಗಿ ತಾಯಿಮಕ್ಕಳಿಬ್ಬರೂ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿಗೆ ನೋವಾಯಿತೆಂದು ಕವಿ ದಂಡ ವಿಧಿಸಲಿಲ್ಲ. ಕತ್ತಿ ಎತ್ತಿದವನ ಮನಸ್ಸು ಏನಾಯಿತೆಂಬುದೇ ಅಲ್ಲಿಯ ವಿಚಾರ.

ಆದರೂ ನಾವು ಉತ್ಪ್ರೇಕ್ಷೆಗೆ ಇಳಿಯಬಾರದು. ಸತ್ಯವೂ ಒಂದು ಅಣುವ್ರತವೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹದಿನಾಲ್ಕು ಹದಿನೈದು ವಯಸ್ಸಿನ ಸುಮಾರು ಒಂದು ಸಾವಿರ ಬ್ರಿಟಿಷ್ ಮಕ್ಕಳನ್ನು ಅಭ್ಯಸಿಸಿ, ಹಿಂಸೆಯ ವೀಡಿಯೋ ಆಟಗಳಿಗೂ ಅವರ ಆಕ್ರಮಣಶೀಲತೆಗೂ ಸಂಬಂಧ ಕಾಣಲಿಲ್ಲವೆಂದರು. ಅಮೆರಿಕದ ಮನೋವಿಜ್ಞಾನಿಗಳ ಸಂಘವು 2020ರಲ್ಲಿ, ಕೂಗಾಟ, ತಳ್ಳಾಟಗಳಂಥ ನಡತೆಯೊಡನೆ ಅಲ್ಪ ಸಂಬಂಧವುಂಟು, ಕೊಲೆಯಂಥ ಕೃತ್ಯಗಳಿಗೆ ಇವನ್ನು ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂದು ತಿಳಿಸಿತು. ಆದ್ದರಿಂದ ಆಟವಾಡಿದ ಹುಡುಗ ನಾಳೆ ಕೊಲೆಗಾರನಾಗುವನೆಂದು ಹೆದರಿಸುವುದು ಸಲ್ಲದು. ಹಾಗೆ ಹೆದರಿಸುವ ಪ್ರವಚನಗಳನ್ನು ನಾನೂ ಕೇಳಿದ್ದೇನೆ. ಮಕ್ಕಳು ಒಳಗೊಳಗೇ ನಗುತ್ತಾರೆ.

ಶಿಕಾಗೋ ಪ್ರದೇಶದ ಮಕ್ಕಳನ್ನು ಸುಮಾರು ಹದಿನೈದು ವರ್ಷ ಅನುಸರಿಸಿ ಹ್ಯೂಸ್‌ಮನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು. ಬಾಲ್ಯದಲ್ಲಿ ದೂರದರ್ಶನದ ಹಿಂಸೆಯನ್ನು ಎಷ್ಟು ನೋಡಿದರೆಂಬುದಷ್ಟೇ ಅಲ್ಲ, ಹೊಡೆಯುವವನಲ್ಲಿ ತಮ್ಮನ್ನೇ ಕಂಡುಕೊಂಡರೆ, ಕಂಡದ್ದನ್ನು ನಿಜವೆಂದು ನಂಬಿದರೆ ಎಂಬುದಕ್ಕೂ ಪ್ರಾಯದ ಆಕ್ರಮಣಶೀಲತೆಗೂ ನಂಟು ಕಂಡುಬಂದಿತು. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಮೂರನೆಯದನ್ನು ನಾವು ಹಗುರವಾಗಿ ಬಿಟ್ಟಿದ್ದೇವೆಯೇ ಎಂದು ನನಗೆ ಆಗ ಅನ್ನಿಸಿತು. ಮೊಮ್ಮಗನು ಕೊಲ್ಲಲಿಲ್ಲ, ಕೊಲ್ಲಿಸಲೂ ಇಲ್ಲ, ಹಿಗ್ಗಿದನು. ನಮ್ಮ ಪುರಾಣಗಳಲ್ಲಿಯೂ ಯುದ್ಧಗಳಿಲ್ಲವೇ ಎಂದು ಯುವಕರು ಕೇಳುತ್ತಾರೆ. ಇವೆ. ಆದರೆ ಭರತ ಬಾಹುಬಲಿಯರ ಕಥೆಯನ್ನು ಕೇಳುವ ಮಗು, ಗೆದ್ದವನು ಅಣ್ಣನ ಮೇಲೆ ಕೈ ಮಾಡದೆ ನಿಂತ ಗಳಿಗೆಯಲ್ಲಿ ಹಿಗ್ಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ಚಿತ್ತವನ್ನು ಕಲುಷಿತಗೊಳಿಸುವ ಕಥೆಗಳನ್ನು ಕೇಳುವ ದುಃಶ್ರುತಿಯನ್ನೂ, ಆಯುಧಾದಿಗಳನ್ನು ಇನ್ನೊಬ್ಬರ ಕೈಗಿಡುವ ಹಿಂಸಾದಾನವನ್ನೂ ಸೇರಿಸಿದ್ದಾರೆ. ನಾನು ಕೊಟ್ಟ ಮೊಬೈಲು ಆಯುಧವೇ? ಪಂಡಿತರು ಒಪ್ಪಲಾರರೇನೋ. ಆದರೆ ದುಃಶ್ರುತಿ ಅವನದಾದರೆ, ಅದನ್ನು ಒದಗಿಸಿದ ಪ್ರಮಾದ ನನ್ನದು. ರಾಜಾಜಿನಗರದ ನವರಂಗ್ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯಲು ಒಬ್ಬನಿರುತ್ತಿದ್ದನು. ಚಲನಚಿತ್ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ ಏಳು, ಹದಿಮೂರು, ಹದಿನಾರು ವಯಸ್ಸಿನ ಗೆರೆಗಳೂ ಬಂದಿವೆ. ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ, ಇಂಥ ಸಾಧನಗಳನ್ನು ಬಿಡಲಾರದವರಿಗಾಗಿ ಒಂದು ಚಿಕಿತ್ಸಾ ವಿಭಾಗವಿದೆ. ಊಟದ ಮಣೆಯ ಬಳಿ ಮಾತ್ರ ಬಾಗಿಲು ಕಾಯುವವರು ಹಿರಿಯರಲ್ಲದೆ ಬೇರೆ ಯಾರೂ ಇಲ್ಲ.

ಮಾರನೆಯ ದಿನದಿಂದ ಅನಂತ ಚತುರ್ದಶಿಯವರೆಗೆ ಉಣಿಸುವಾಗ ಮೊಬೈಲನ್ನು ಮುಟ್ಟುವುದಿಲ್ಲವೆಂದು ನಿಯಮ ಹಿಡಿದೆನು. ಮಗು ಅತ್ತಿತು. ಸೊಸೆಯು, "ಮಾವ, ಹೀಗಾದರೆ ಹೊತ್ತಿಗೆ ಸರಿಯಾಗಿ ಊಟ ಮುಗಿಯುವುದಿಲ್ಲ" ಎಂದಳು. ಅವಳೆಂದುದು ಸರಿಯೇ ಆಗಿತ್ತು. ನಾನು ಹಿಟ್ಟಿನ ಕೋಳಿಯ ಕಥೆಯನ್ನು ತೆಗೆದೆನು. ಅವನು ಬಾಯಲ್ಲಿ ತುತ್ತಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ, "ಹಿಟ್ಟಿಗೆ ನೋವಾಗಲ್ವಲ್ಲ ತಾತ, ಮತ್ತೆ ಕೋಳಿ ಥರ ಯಾಕೆ ಮಾಡಿಸಿದ್ರು? ಬರೀ ಉಂಡೆ ಮಾಡಬಹುದಿತ್ತಲ್ಲ?" ಎಂದನು. ನಾನು ಉತ್ತರ ಹುಡುಕುತ್ತಿರುವಾಗಲೇ ಹೊತ್ತು ಮುಳುಗಿತು. ತಟ್ಟೆಯಲ್ಲಿ ಎರಡು ತುತ್ತು ಹಾಗೆಯೇ ಉಳಿದವು.