ಮುಧೋಳದ ನಾಯಿಗೆ ಮೂರನೇ ಮಹಡಿ

ವಿಜಯನಗರದ ಮಾರೇನಹಳ್ಳಿಯಲ್ಲಿ ಇಪ್ಪತ್ತು-ಮೂವತ್ತರ ಸೈಟಿನ ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ಗೆಳೆಯನಿಗೆ ಮಗಳಿಗಾಗಿ ಮುಧೋಳ ನಾಯಿಯೇ ಬೇಕಂತೆ. ನಮ್ಮದೇ ತಳಿ ಎಂಬ ಅಭಿಮಾನ. 2005ರಲ್ಲಿ ಅದರ ಅಂಚೆಚೀಟಿ ಬಂದಿತ್ತು, 2016ರಲ್ಲಿ ಸೇನೆ ಅದನ್ನು ತರಬೇತಿಗೆಂದು ಮೀರತ್‌ಗೆ ಒಯ್ದಿತ್ತು. ಅಭಿಮಾನ ತಪ್ಪಲ್ಲ. ಆದರೆ ಆ ಉದ್ದ ಕಾಲು, ಆಳವಾದ ಎದೆಗೂಡು ಬಯಲಲ್ಲಿ ಮೊಲದ ಬೆನ್ನಟ್ಟಲೆಂದು ತಲೆಮಾರುಗಳಿಂದ ಬೆಳೆದು ಬಂದಂಥವು. ಬಾಲ್ಕನಿಯಲ್ಲಿ ಅವಕ್ಕೇನು ಕೆಲಸ? ಮನೆಗೆ ಯಾವ ನಾಯಿ ಒಪ್ಪುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ನಾಯಿಗೆ ಈ ಮನೆ ಒಪ್ಪೀತೇ ಎಂದಲ್ಲ. ಗಿಳಿಯನ್ನು ಪಂಜರಕ್ಕೆ ಹಾಕಬೇಡಿ ಎನ್ನಲು 1972ರ ವನ್ಯಜೀವಿ ಕಾಯ್ದೆಯಾದರೂ ಇದೆ. ಇಲ್ಲಿ ಗೆಳೆಯನೇ ಬೇಡವೆನ್ನಬೇಕು, ಅದೂ ಮಗಳೆದುರು. ಓಡಿಸಲು ಬಯಲಿಲ್ಲದಿದ್ದರೆ ಬೇಡವೆನ್ನುವುದೇ ಸರಿ. ಬೀದಿಯ ಮರಿಯೊಂದನ್ನು ಸಾಕಬಹುದಲ್ಲ ಎಂದೆ. “ಅದಕ್ಕೆ ತಳಿ ಎಲ್ಲಿದೆ?” ಎಂದ.