ಹೊಸತನ್ನು ಕೊಟ್ಟು ಹಳತನ್ನು ಕೊಂಡವರು

ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯುವುದು ಲೋಕರೂಢಿ. ಹಳೆಯ ಒಡವೆ ಕೊಟ್ಟು ಹೊಸ ಒಡವೆ, ಹಳೆಯ ಫೋನ್ ಕೊಟ್ಟು ಹೊಸ ಫೋನ್ ಕೊಳ್ಳಿರೆಂದು ಅಂಗಡಿಗಳು ನಮ್ಮನ್ನು ದಿನವೂ ಕರೆಯುತ್ತಿರುತ್ತವೆ. ಹೀಗಿರುವಾಗ ಸಕಲ ಸೌಕರ್ಯಗಳಿಂದ ಕೂಡಿದ ಅತಿವೇಗದ ಹೊಸ ಕಾರನ್ನು ಮಾರಿ, ಅದೇ ಹಣಕ್ಕೆ ನಲವತ್ತು ಐವತ್ತು ವರ್ಷ ಹಳೆಯದಾದ ಕಾರೊಂದನ್ನು ಮನೆಗೆ ತರುವವನನ್ನು ಕಂಡರೆ ನಾವು ಏನೆನ್ನುತ್ತೇವೆ? ಬುದ್ಧಿ ಕೆಟ್ಟಿದೆ ಎನ್ನಬಹುದು. ಇಲ್ಲವೇ ಹಣ ಹೆಚ್ಚಾಗಿದೆ ಎನ್ನಬಹುದು. ಆದರೆ ಜರ್ಮನಿ, ಇಂಗ್ಲೆಂಡ್, ಅಮೆರಿಕ ಮುಂತಾದ ದೇಶಗಳಲ್ಲಿ ಇಂಥ ವಿನಿಮಯ ಅಪರೂಪವೇನಲ್ಲ. ನಮ್ಮಲ್ಲಿ ಬಹುತೇಕರ ಬದುಕಿಗೆ ಈ ಸಂಗತಿ ದೂರದ್ದೆಂಬುದು ನಿಜ. ಆದರೂ ಅದರೊಳಗೆ ಅಡಗಿರುವ ನೈತಿಕ ಪ್ರಶ್ನೆ ನಮ್ಮೆಲ್ಲರ ಮನೆಬಾಗಿಲಲ್ಲೇ ನಿಂತಿದೆ: ಹೊಸತನ್ನು ಬಿಟ್ಟು ಹಳತನ್ನು ಅಪ್ಪಿಕೊಳ್ಳುವುದು ಸರಳತೆಯೋ, ಅಥವಾ ಆಸೆಯೇ ತೊಟ್ಟುಕೊಂಡ ಇನ್ನೊಂದು ವೇಷವೋ?

ಉದಾಹರಣೆಗೆ ಜರ್ಮನಿಯ ಪೋರ್ಷೆ ಕಂಪನಿಯ 911 ಎಂಬ ಕಾರನ್ನೇ ತೆಗೆದುಕೊಳ್ಳೋಣ. 1963ರಲ್ಲಿ ಫ್ರಾಂಕ್‌ಫರ್ಟ್ ನಗರದ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು ಇಂದಿಗೂ ತಯಾರಾಗುತ್ತಿದೆ. ಎಂಜಿನ್ ಅಂದಿನಂತೆ ಇಂದೂ ಹಿಂಭಾಗದಲ್ಲಿಯೇ ಇದೆ. ಆದರೆ ಮೊದಲ ಮಾದರಿಗೆ ಇದ್ದುದು 130 ಅಶ್ವಶಕ್ತಿ. 2020ರಲ್ಲಿ ಬಂದ ಟರ್ಬೊ ಎಸ್ ಮಾದರಿಗೆ 650 ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗವನ್ನು ಮುಟ್ಟಲು ಆ ಹೊಸ ಕಾರಿಗೆ 2.7 ಸೆಕೆಂಡು ಸಾಕು. ಕಳೆದ ಶತಮಾನದ ಕೊನೆಯ ವರ್ಷಗಳವರೆಗೂ ಈ ಕಾರುಗಳ ಎಂಜಿನ್ನನ್ನು ನೀರಿನ ಬದಲು ಗಾಳಿಯಿಂದಲೇ ತಣಿಸುತ್ತಿದ್ದರು. ಹೊಸ ಕಾರನ್ನು ಮಾರಿ ಗಾಳಿಯಿಂದ ತಣಿಯುವ ಆ ಹಳೆಯ ಕಾರುಗಳನ್ನೇ ಹುಡುಕಿಕೊಂಡು ಹೋಗುವವರು ಬಹಳ ಮಂದಿ.

ಏಕೆ? ಹೊಸ ಕಾರಿನಲ್ಲಿ ಕೊರತೆ ಇದೆ ಎಂಬುದು ಅವರ ದೂರಲ್ಲ. ಎಲ್ಲವೂ ಅತಿಯಾಗಿದೆ ಎಂಬುದೇ ಅವರ ದೂರು. ಗೇರು ತಾನಾಗಿ ಬದಲಾಗುತ್ತದೆ, ಚಾಲಕ ತಪ್ಪಿದರೆ ಯಂತ್ರವೇ ತಿದ್ದುತ್ತದೆ. ಅದರ ಶಕ್ತಿಯನ್ನಾದರೂ ಬಳಸೋಣವೆಂದರೆ ರಸ್ತೆಯಿಲ್ಲ. ಇಂಗ್ಲೆಂಡಿನ ಹೆದ್ದಾರಿಗಳಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 112 ಕಿ.ಮೀ. ಮೀರುವಂತಿಲ್ಲ. ಜರ್ಮನಿಯ ಹೆದ್ದಾರಿಗಳ ಕೆಲವು ಭಾಗಗಳಲ್ಲಿ ವೇಗಮಿತಿ ಇಲ್ಲದಿದ್ದರೂ, ಊರ ಹೊರಗಿನ ಸಾಮಾನ್ಯ ರಸ್ತೆಗಳಲ್ಲಿ ಮಿತಿ 100 ಕಿ.ಮೀ. ಮೂರು ಸೆಕೆಂಡು ತುಂಬುವುದರೊಳಗೆ ಕಾನೂನಿನ ಗಡಿ ಮುಟ್ಟುವ ಕಾರಿಗೆ ಉಳಿದ ದಾರಿಯಲ್ಲಿ ಮಾಡಲು ಏನಿದೆ? ಹಳೆಯ ಕಾರಿನಲ್ಲಾದರೋ ಗಂಟೆಗೆ ಎಂಬತ್ತು ಕಿ.ಮೀ. ವೇಗದಲ್ಲೇ ಚಾಲಕನ ಕೈ, ಕಾಲು, ಕಿವಿ ಎಲ್ಲವೂ ಎಚ್ಚೆತ್ತಿರುತ್ತವೆ. ಎಂಜಿನ್ನಿನ ಭಾರ ಹಿಂದಿರುವುದರಿಂದ, ತಿರುವಿನ ನಡುವೆ ಥಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಾರಿನ ಹಿಂಬದಿ ಹೊರಕ್ಕೆ ಜಾರುತ್ತದೆ. ಆದ್ದರಿಂದ ತಿರುವು ಬರುವ ಮೊದಲೇ ವೇಗವನ್ನು ನಿರ್ಧರಿಸಬೇಕು. ಮುನ್ನೋಟವು ವಿವೇಕವೆಂಬ ಸದ್ಗುಣದ ಒಂದು ಅಂಗ ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಹಳೆಯ ಯಂತ್ರವೊಂದು ಆ ಪಾಠವನ್ನು ಪ್ರತಿ ತಿರುವಿನಲ್ಲೂ ಹೇಳಿಕೊಡುತ್ತದೆ ಎಂದರೆ ಅತಿಶಯೋಕ್ತಿಯಾಗಲಾರದು.

ಇಷ್ಟು ಕೇಳಿದಾಗ ಈ ವಿನಿಮಯ ಒಂದು ಪುಟ್ಟ ವೈರಾಗ್ಯದಂತೆಯೇ ತೋರುತ್ತದೆ. ಆದರೆ ಯಾವುದೇ ಮಾನವ ಕ್ರಿಯೆಯನ್ನು ತೂಗುವಾಗ ಮೂರು ಅಂಶಗಳನ್ನು ನೋಡಬೇಕೆಂದು ಧರ್ಮಸಭೆ ನಮಗೆ ಕಲಿಸುತ್ತದೆ: ಮಾಡಿದ ಕಾರ್ಯ ಯಾವುದು, ಮಾಡಿದವನ ಉದ್ದೇಶವೇನು, ಸನ್ನಿವೇಶ ಎಂಥದು. ಒಂದು ಕಾರನ್ನು ಮಾರಿ ಇನ್ನೊಂದನ್ನು ಕೊಳ್ಳುವ ಕಾರ್ಯದಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಆದ್ದರಿಂದ ಉಳಿದೆರಡನ್ನು ಪರಿಶೀಲಿಸೋಣ.

ಮೊದಲು ಉದ್ದೇಶ. ಹೊಸ ಕಾರಿನ ಬೆಲೆ ಷೋರೂಮಿನ ಬಾಗಿಲು ದಾಟಿದ ದಿನದಿಂದಲೇ ಇಳಿಯತೊಡಗುತ್ತದೆ. ಅಪರೂಪದ ಹಳೆಯ ಕಾರಿನ ಬೆಲೆ ಅನೇಕ ವೇಳೆ ಏರುತ್ತದೆ. 1955ರ ಮರ್ಸಿಡಿಸ್ ಕಾರೊಂದು 2022ರಲ್ಲಿ 13 ಕೋಟಿ 50 ಲಕ್ಷ ಯೂರೊಗಳಿಗೆ ಹರಾಜಾಯಿತು. ಹಾಗಾದರೆ ಹಳತನ್ನು ಕೊಳ್ಳುವವನ ಮನಸ್ಸಿನಲ್ಲಿರುವುದು ಸರಳತೆಯೋ, ಲಾಭದ ಲೆಕ್ಕವೋ? ‘ಎಲ್ಲರ ಬಳಿಯೂ ಹೊಸತಿದೆ, ನನ್ನ ಬಳಿ ಮಾತ್ರ ಇದಿದೆ’ ಎಂಬ ಹೆಮ್ಮೆ ಇಣುಕಿದರಂತೂ, ಮುಂಬಾಗಿಲಿನಿಂದ ಹೊರಹಾಕಿದ ಅಹಂಕಾರ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತಾಯಿತು.

ಇನ್ನೊಂದು ಕಾರಿನ ಕಥೆ ಇದಕ್ಕಿಂತಲೂ ಮಾರ್ಮಿಕವಾಗಿದೆ. ಸಂತ ಎರಡನೇ ಜಾನ್ ಪಾಲ್‌ರವರು ಜಗದ್ಗುರುಗಳಾಗುವ ಮುನ್ನ ಅವರ ಬಳಿ 1975ರ ಸಾಧಾರಣ ಫೋರ್ಡ್ ಎಸ್ಕಾರ್ಟ್ ಕಾರೊಂದಿತ್ತು. ಯುರೋಪಿನಲ್ಲಿ ಸಾಮಾನ್ಯ ಸಂಸಾರಗಳು ಬಳಸುತ್ತಿದ್ದ ಕಾರು ಅದು. 2005ರಲ್ಲಿ ಅದೇ ಕಾರು ಅಮೆರಿಕದ ಲಾಸ್ ವೇಗಾಸ್ ನಗರದಲ್ಲಿ 6 ಲಕ್ಷ 90 ಸಾವಿರ ಡಾಲರುಗಳಿಗೆ ಹರಾಜಾಯಿತು. ಲೋಹ ಅದೇ, ಚಕ್ರಗಳು ಅವೇ. ಒಬ್ಬರ ಕೈಯಲ್ಲಿದ್ದಾಗ ಅದು ಸರಳತೆಯ ವಾಹನ. ಹರಾಜುಕಟ್ಟೆಯಲ್ಲಿ ನಿಂತಾಗ ಸಿರಿವಂತರು ಪೈಪೋಟಿಗಿಳಿಯುವ ವಸ್ತು. ಸರಳತೆ ವಸ್ತುವಿನೊಂದಿಗೆ ಮಾರಾಟವಾಗಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಇನ್ನು ಸನ್ನಿವೇಶ. ಹೊಸತೆಲ್ಲವೂ ವ್ಯಾಮೋಹವೆಂದು ಭಾವಿಸುವುದು ಅನ್ಯಾಯ. 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ಎಂಬುವರು, ಎದೆಯನ್ನೂ ಸೊಂಟವನ್ನೂ ಒಟ್ಟಿಗೆ ಬಿಗಿದು ಹಿಡಿಯುವ ಸೀಟ್ ಬೆಲ್ಟನ್ನು ರೂಪಿಸಿದರು. ಕಂಪನಿಯು ಅದನ್ನು ತನ್ನ ಸ್ವತ್ತೆಂದು ಬಚ್ಚಿಡದೆ ಇತರ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಇಂದು ಆ ಪಟ್ಟಿ ಉಳಿಸದ ಊರಿಲ್ಲ. ಇಂಥ ಹೊಸತು ಪರಪ್ರೀತಿಯ ಫಲವೇ ಸರಿ. ಅನೇಕ ಹಳೆಯ ಕಾರುಗಳಲ್ಲಿ ಗಾಳಿಚೀಲವಿಲ್ಲ. ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಬ್ರೇಕಿನ ವ್ಯವಸ್ಥೆಯಿಲ್ಲ. ಹೊಗೆಯನ್ನು ಶುದ್ಧಗೊಳಿಸುವ ಸಾಧನವಿಲ್ಲ. ಭಾನುವಾರ ಒಬ್ಬನೇ ನಿಧಾನವಾಗಿ ಓಡಿಸುವುದು ಒಂದು ಮಾತು. ಮಡದಿ ಮಕ್ಕಳನ್ನು ಕೂರಿಸಿಕೊಂಡು ದಿನವೂ ಹೆದ್ದಾರಿಗೆ ಇಳಿಯುವುದು ಬೇರೆಯೇ ಮಾತು. ನನ್ನ ರಸಿಕತೆಯ ಬೆಲೆಯನ್ನು ಹಿಂದಿನ ಸೀಟಿನಲ್ಲಿ ಕುಳಿತ ಮಗು ತೆರುವಂತಾಗಬಾರದು. ಕುಡಿತದಿಂದಾಗಲಿ ವೇಗದ ಮೋಹದಿಂದಾಗಲಿ ತನ್ನ ಮತ್ತು ಪರರ ಸುರಕ್ಷತೆಗೆ ಅಪಾಯ ತರುವುದು ಗಂಭೀರ ದೋಷವೆಂದು ಕಥೋಲಿಕ ಧರ್ಮೋಪದೇಶ ಗ್ರಂಥ ಎಚ್ಚರಿಸುತ್ತದೆ. 2007ರಲ್ಲಿ ವ್ಯಾಟಿಕನ್ ಪ್ರಕಟಿಸಿದ, ರಸ್ತೆಯ ಬಗೆಗಿನ ಮೇಷಪಾಲನಾ ಮಾರ್ಗಸೂಚಿಯಲ್ಲಿ ಚಾಲಕರಿಗೆಂದೇ ಹತ್ತು ಕಟ್ಟಳೆಗಳಿವೆ. ಕಾರು ಅಧಿಕಾರ ದಬ್ಬಾಳಿಕೆಗಳ ಪ್ರದರ್ಶನವಾಗಬಾರದೆಂಬುದು ಅವುಗಳಲ್ಲೊಂದು. ಕಾರು ಹೊಸದಿರಲಿ ಹಳೆಯದಿರಲಿ, ಕಟ್ಟಳೆ ಒಂದೇ.

ಹಾಗಾದರೆ ಈ ವಿನಿಮಯದಲ್ಲಿ ಒಳ್ಳೆಯದೇನೂ ಇಲ್ಲವೇ? ಇದೆ ಎಂದೇ ನನ್ನ ಭಾವನೆ. ಅದನ್ನು ಅರಿಯಲು ಕನ್ನಡದ ಒಂದು ಪುಟ್ಟ ಪದ ನಮಗೆ ನೆರವಾಗುತ್ತದೆ. ‘ಸಾಕು’ ಎಂದರೆ ಇಷ್ಟು ಇದ್ದರೆ ತೃಪ್ತಿ, ಇನ್ನು ಬೇಡ ಎಂದರ್ಥ. ‘ಸಾಕು’ ಎಂದರೆ ಪೋಷಿಸು, ಸಲಹು ಎಂದೂ ಅರ್ಥ. ವ್ಯುತ್ಪತ್ತಿಯ ಚರ್ಚೆ ಪಂಡಿತರಿಗಿರಲಿ. ಬದುಕಿನಲ್ಲಂತೂ ಈ ಎರಡು ಅರ್ಥಗಳು ಒಡಹುಟ್ಟಿದವು. ಯಾರು ‘ಇಷ್ಟು ಸಾಕು’ ಎನ್ನಬಲ್ಲರೋ ಅವರು ಮಾತ್ರ ಇರುವುದನ್ನು ಸಾಕಬಲ್ಲರು. ಮುಂದಿನದರ ಮೇಲೆ ಕಣ್ಣಿಟ್ಟವನಿಗೆ ಕೈಯಲ್ಲಿರುವುದನ್ನು ಸಲಹಲು ಮನಸ್ಸೆಲ್ಲಿ?

650 ಅಶ್ವಶಕ್ತಿಯ ಕಾರನ್ನು ಬಿಟ್ಟು 130 ಅಶ್ವಶಕ್ತಿಯ ಕಾರಿನಲ್ಲಿ ಕುಳಿತವನು, ಉದ್ದೇಶ ಶುದ್ಧವಾಗಿದ್ದರೆ, ‘ಸಾಕು’ ಎಂಬ ಮೊದಲ ಪಾಠವನ್ನು ಕಲಿತಿದ್ದಾನೆ. ಎರಡನೆಯ ಪಾಠವನ್ನು ಆ ಕಾರೇ ಕಲಿಸುತ್ತದೆ. ಚಳಿಯ ಬೆಳಗಿನಲ್ಲಿ ಎಂಜಿನ್ ಹದವಾಗಿ ಬಿಸಿಯಾಗುವವರೆಗೆ ಆತುರಪಡುವಂತಿಲ್ಲ. ಕಾರ್ಬ್ಯುರೇಟರನ್ನು ಆಗಾಗ ಸರಿಹೊಂದಿಸಬೇಕು. ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ನೋಡಬೇಕು. ಬಾಗಿಲ ಕೆಳಗಿನ ತಗಡಿನಲ್ಲಿ ತುಕ್ಕು ಹಿಡಿದಿದೆಯೇ ಎಂದು ಬೆರಳಿನಿಂದ ತಡವಬೇಕು. ಹುಳುವೂ ತುಕ್ಕೂ ತಿನ್ನುವ ಸಂಪತ್ತಿನ ಬಗ್ಗೆ ಯೇಸುಸ್ವಾಮಿ ಹೇಳಿದ ಮಾತು ಹಳೆಯ ಕಾರಿನ ಯಜಮಾನನಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ! ನಾವು ಇದರ ಒಡೆಯರಲ್ಲ, ಮುಂದಿನವರಿಗೆ ಒಪ್ಪಿಸುವವರೆಗಿನ ಪಾಲಕರು ಎಂಬ ಮಾತು ಇಂಥ ಕಾರುಗಳ ಪ್ರೇಮಿಗಳಲ್ಲಿ ಪ್ರಚಲಿತವಾಗಿದೆ. ಅವರು ಅರಿತು ಹೇಳಿದರೋ ಅರಿಯದೆ ಹೇಳಿದರೋ, ಸೃಷ್ಟಿಯ ಬಗ್ಗೆ ಪವಿತ್ರ ಬೈಬಲ್ ಹೇಳುವುದೂ ಅದನ್ನೇ.

ಆದರೂ ಒಂದು ಗಡಿರೇಖೆ ಉಂಟು. ಸಂತ ಅಗಸ್ತೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ, ಬಳಸಬೇಕಾದ ವಸ್ತುಗಳು ಬೇರೆ, ಆನಂದಿಸಿ ನೆಲೆಸಬೇಕಾದ ಪರಮವಸ್ತು ಬೇರೆ ಎಂದು ವಿಂಗಡಿಸುತ್ತಾರೆ. ಅಲ್ಲಿ ಅವರು ಕೊಡುವ ಹೋಲಿಕೆ ಪ್ರಯಾಣಿಕನದು. ತವರುನಾಡಿಗೆ ಹೊರಟವನು ದಾರಿಯ ಸೊಬಗಿಗೂ ವಾಹನದ ಸುಖಕರ ಚಲನೆಗೂ ಮರುಳಾದರೆ, ಪಯಣ ಮುಗಿಯುವುದೇ ಬೇಡವೆನಿಸಿ ತವರನ್ನೇ ಮರೆತುಬಿಡುತ್ತಾನೆ. ಸುಮಾರು 1600 ವರ್ಷಗಳ ಹಿಂದೆ, ಕುದುರೆಗಾಡಿಗಳ ಕಾಲದಲ್ಲಿ ಬರೆದ ಮಾತಿದು. ಇಂದಿನ ಕಾರುಗಳಿಗೂ ಅಕ್ಷರಶಃ ಹೊಂದುತ್ತದೆ. ಕಾರಿಗಾಗಿ ಭಾನುವಾರದ ಬಲಿಪೂಜೆ ತಪ್ಪತೊಡಗಿದರೆ, ಅದರ ಬಿಡಿಭಾಗಕ್ಕಾಗಿ ಮನೆಯ ಖರ್ಚು ಮೊಟಕಾದರೆ, ಹೊಳಪು ಕೆಡುವುದೆಂದು ನೆರೆಯ ರೋಗಿಯನ್ನು ಅದರಲ್ಲಿ ಕೂರಿಸಲು ಮನಸ್ಸು ಹಿಂಜರಿದರೆ, ಕಾರನ್ನು ಸಾಕುತ್ತಿದ್ದವನು ಕಾರಿನ ಆಳಾಗಿದ್ದಾನೆ ಎಂದು ತಿಳಿಯಬೇಕು.

ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರ ಜೀವನದಲ್ಲಿ ಬಂದ ಎರಡು ಕಾರುಗಳು ಇಲ್ಲಿ ನಮಗೆ ದಾರಿ ತೋರುತ್ತವೆ. ಹೊಚ್ಚಹೊಸ ಮಾದರಿಯ ಕಾರುಗಳಲ್ಲಿ ಓಡಾಡುವ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಂಡರೆ ತಮಗೆ ನೋವಾಗುತ್ತದೆ ಎಂದು ಅವರು 2013ರ ಜುಲೈನಲ್ಲಿ ಹೇಳಿದರು. ಆ ಮಾತು ಮೊದಲು ತಟ್ಟಬೇಕಾದುದು ನಮ್ಮಂಥ ಗುರುಗಳನ್ನೇ. ಅದೇ ವರ್ಷ ಇಟಲಿಯ ವೆರೋನಾದ ಗುರುವೊಬ್ಬರು, ಸುಮಾರು ಮೂರು ಲಕ್ಷ ಕಿ.ಮೀ. ಓಡಿದ್ದ ತಮ್ಮ 1984ರ ರೆನೊ 4 ಕಾರನ್ನು ಅವರಿಗೆ ಕಾಣಿಕೆಯಾಗಿ ನೀಡಿದರು. ಜಗದ್ಗುರುಗಳು ಸಂತೋಷದಿಂದ ಸ್ವೀಕರಿಸಿದರು. 2017ರ ನವೆಂಬರಿನಲ್ಲಿ ಲ್ಯಾಂಬೋರ್ಗಿನಿ ಕಂಪನಿಯು ತನ್ನ ಅತಿವೇಗದ ಹುರಾಕಾನ್ ಕಾರನ್ನು ಅವರಿಗೆ ಅರ್ಪಿಸಿತು. ಅವರು ಅದನ್ನು ತಿರಸ್ಕರಿಸಲಿಲ್ಲ, ಕೊಟ್ಟವರನ್ನು ನೋಯಿಸಲೂ ಇಲ್ಲ. ಆಶೀರ್ವದಿಸಿ, ಅದರ ಮೇಲೆ ತಮ್ಮ ಸಹಿ ಹಾಕಿ, ಹರಾಜಿಗೆ ಬಿಟ್ಟರು. 2018ರ ಮೇ ತಿಂಗಳಲ್ಲಿ ಅದು 7 ಲಕ್ಷ 15 ಸಾವಿರ ಯೂರೊಗಳಿಗೆ ಮಾರಾಟವಾಯಿತು. ಇರಾಕಿನ ನಿನೆವೆ ಬಯಲಿನಲ್ಲಿ ಮನೆಮಠ ಕಳೆದುಕೊಂಡ ಕ್ರೈಸ್ತರಿಗೆ ಮರಳಿ ನೆಲೆ ಕಲ್ಪಿಸುವುದು, ಮಾನವ ಸಾಗಣೆಗೆ ಬಲಿಯಾದ ಮಹಿಳೆಯರಿಗೆ ಆಸರೆಯಾಗುವುದು ಮುಂತಾದ ಕಾರ್ಯಗಳಿಗೆ ಆ ಹಣವನ್ನು ಮೀಸಲಿಟ್ಟಿದ್ದರು. ಹಳೆಯ ಕಾರನ್ನು ಪಡೆದ ಕೈಯೇ ಹೊಸ ಕಾರನ್ನು ಬಿಟ್ಟುಕೊಟ್ಟಿತು. ಎರಡು ಸಲವೂ ಆ ಕೈ ತೆರೆದೇ ಇತ್ತು.

ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಲ್ಯಾಂಬೋರ್ಗಿನಿಯಾಗಲಿ ಪೋರ್ಷೆಯಾಗಲಿ ಇರಲಿಕ್ಕಿಲ್ಲ. ಆದರೆ ಕಂತಿನ ಸಾಲದಲ್ಲಿ ಕೊಂಡ ಬೈಕು, ವರ್ಷ ತುಂಬುವುದರೊಳಗೆ ಹಳತೆನಿಸುವ ಫೋನು, ನೆರೆಮನೆಯವರು ಕೊಂಡರೆಂದು ನಮಗೂ ಬೇಕೆನಿಸುವ ದೊಡ್ಡ ಟಿ.ವಿ. ನಮ್ಮಲ್ಲೂ ಇವೆ. ನಿಮ್ಮ ಮನೆಯಲ್ಲಿ ‘ಸಾಕು’ ಎಂಬ ಮಾತು ಸಂತೋಷದಿಂದ ಕೇಳಿಬಂದದ್ದು ಯಾವಾಗ? ಬೇಸರದಿಂದ ಹೇಳುವ ‘ಸಾಕಾಯಿತು’ ಅಲ್ಲ. ಊಟದ ಕೊನೆಯಲ್ಲಿ ಹೊಟ್ಟೆ ತುಂಬಿದವರು ಹೇಳುವಂಥ ‘ಸಾಕು’.

ಇದಕ್ಕಿಂತಲೂ ಗಹನವಾದ ಪ್ರಶ್ನೆಯೊಂದು ಉಳಿದಿದೆ. ಹಳೆಯ ಎಂಜಿನ್ ಬಿಸಿಯಾಗಲೆಂದು ಕಾಯುವ ತಾಳ್ಮೆಯುಳ್ಳವನು, ಅದೇ ಮಾತನ್ನು ಮೂರನೆಯ ಸಲ ಹೇಳುವ ವೃದ್ಧ ತಾಯಿಯ ಮುಂದೆ ಐದು ನಿಮಿಷ ಕುಳಿತುಕೊಳ್ಳಬಲ್ಲನೇ? ಯಂತ್ರದ ಸಣ್ಣ ಸದ್ದಿಗೂ ಕಿವಿಗೊಡುವವನಿಗೆ, ಇಪ್ಪತ್ತೈದು ವರ್ಷ ಜೊತೆಗೆ ಬಾಳಿದ ಮಡದಿಯ ದನಿಯಲ್ಲಾದ ಬದಲಾವಣೆ ಕೇಳಿಸುತ್ತದೆಯೇ? ಕಾರನ್ನು ಬದಲಿಸಬಹುದು, ಹಿಂದಿರುಗಿಸಬಹುದು, ಮಾರಬಹುದು. ತಂದೆತಾಯಿಯರನ್ನೂ ಬಾಳಸಂಗಾತಿಯನ್ನೂ ಕೊಟ್ಟು ಪಡೆಯುವ ವಿನಿಮಯವಿಲ್ಲ. ಹಳೆಯ ವಸ್ತುವಿನ ಮೇಲೆ ಕಲಿತ ಪ್ರೀತಿ ಮನುಷ್ಯರತ್ತ ಹರಿದರೆ ಆ ವಸ್ತು ನಮಗೆ ಪಾಠಶಾಲೆಯಾಯಿತು. ಅಲ್ಲಿಗೇ ನಿಂತರೆ ಅದು ವಿಗ್ರಹವಾಯಿತು.

ಸಂತ ಜೋಸೆಫರನ್ನು ನಾವು ಯೇಸುಸ್ವಾಮಿಯ ಸಾಕುತಂದೆ ಎಂದು ಕರೆಯುತ್ತೇವೆ. ಬಡಗಿಯ ಕೆಲಸದಲ್ಲಿ ತೃಪ್ತಿ ಕಂಡು, ತನ್ನದಲ್ಲದ ಮಗುವನ್ನು ತನ್ನದೆಂಬಂತೆ ಸಲಹಿದ ಅವರಲ್ಲಿ ‘ಸಾಕು’ ಎಂಬ ಪದದ ಎರಡೂ ಅರ್ಥಗಳು ಒಂದಾದವು. ಈ ತಿಂಗಳು ಹೊಸದೇನನ್ನಾದರೂ ಕೊಳ್ಳಲು ಹೊರಡುವ ಮುನ್ನ, ಮನೆಯಲ್ಲಿ ಈಗಾಗಲೇ ಇರುವವರನ್ನೂ ಇರುವುದನ್ನೂ ಒಮ್ಮೆ ಕಣ್ತುಂಬ ನೋಡಿರಿ. ಸಾಕೆನ್ನುವ ಮನಸ್ಸನ್ನೂ ಸಾಕುವ ಕೈಗಳನ್ನೂ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.