ಬಾಲ್ಕನಿಯ ಗಿಡ, ನೆರೆಯವರ ಗಾಳಿ

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕನೊಬ್ಬನು ತನ್ನ ಮನೆಯಲ್ಲಿ ಸ್ವಂತ ಬಳಕೆಗಾಗಿ 3 ಗಾಂಜಾ ಗಿಡಗಳನ್ನು ಬೆಳೆಸಬಹುದು. ಅವು ಮಕ್ಕಳ ಕೈಗೆ ಎಟುಕದಂತಿರಬೇಕು. ಬಹುಮಹಡಿ ಕಟ್ಟಡದ ಪುಟ್ಟ ಬಾಲ್ಕನಿಯ ಕುಂಡದಲ್ಲಿಯೂ ಈ ಗಿಡ ನಿಂತಿರಬಹುದು. ನಮ್ಮಲ್ಲಾದರೋ 1985ರ ಮಾದಕ ದ್ರವ್ಯ ಕಾಯಿದೆಯಂತೆ ಪರವಾನಗಿಯಿಲ್ಲದ ಅದೇ ಕುಂಡ ಅಪರಾಧ. ಹಾಗಾದರೆ ಒಳಿತು ಕೆಡುಕುಗಳನ್ನು ದೇಶದ ಗಡಿ ನಿರ್ಧರಿಸುತ್ತದೆಯೇ?

ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದು, ಮುಖ್ಯವಾಗಿ ಪರರಿಗೆ ಕೇಡುಂಟುಮಾಡುವವನ್ನು ತಡೆಯುತ್ತದೆ ಎಂದು ಸಂತ ಥಾಮಸ್ ಅಕ್ವಿನಾಸರು 13ನೆಯ ಶತಮಾನದಲ್ಲೇ ವಿವರಿಸಿದ್ದರು. ಆದ್ದರಿಂದ ಅನುಮತಿ ದೊರೆತ ಮಾತ್ರಕ್ಕೆ ಮನಸ್ಸಾಕ್ಷಿಗೆ ವಿರಾಮವಿಲ್ಲ.

ಬೇಸಿಗೆ ಕಳೆದು ಹಗಲು ಕಿರಿದಾಗುತ್ತಿದ್ದಂತೆ ಗಿಡ ಹೂಬಿಡುತ್ತದೆ. ಅದರ ಕಟುವಾಸನೆ ಕಂಬಿ ದಾಟಿ ನೆರೆಮನೆಯ ಕಿಟಕಿಯನ್ನು ಹೊಗುತ್ತದೆ. ಕುಂಡ ನನ್ನದು, ಗಾಳಿ ಯಾರದು? ಅಲ್ಲಿ ಮಗುವೊಂದು ಮಲಗಿರಬಹುದು; ಚಟದಿಂದ ಬಿಡುಗಡೆ ಹೊಂದಲು ಹೆಣಗುತ್ತಿರುವ ಯುವಕನೊಬ್ಬ ಆ ವಾಸನೆಗೇ ತತ್ತರಿಸಬಹುದು. ಬೆಳೆಸುವವನೂ ನಿದ್ರೆಗೆಡಿಸುವ ನೋವಿನಿಂದ ಬಳಲುತ್ತಿರಬಹುದು. ಆದುದರಿಂದ ತೀರ್ಪು ನೀಡುವ ಮೊದಲು ಇಬ್ಬರೂ ಪರಸ್ಪರರ ಬಾಗಿಲು ತಟ್ಟಲಿ.

'ನನಗೆ ಅನುಮತಿ ಇದೆಯೇ?' ಎಂಬುದು ಪ್ರಜೆಯ ಪ್ರಶ್ನೆ. 'ಇದರಿಂದ ನಿಮಗೆ ತೊಂದರೆಯಾಗುತ್ತಿದೆಯೇ?' ಎಂಬುದು ನೆರೆಯವನ ಪ್ರಶ್ನೆ. ಮೊದಲನೆಯದಕ್ಕೆ ಸರ್ಕಾರ ಉತ್ತರಿಸುತ್ತದೆ. ಎರಡನೆಯದನ್ನು ನಾವೇ ಹೋಗಿ ಕೇಳಬೇಕು.